ದುಬಾರೆ ದಾರೀಲಿ ಒಂದು ಕೋರ್ಟು ಹಾಕ್ರಪ್ಪ!

ದುಬಾರೆಗೆ ಬರೋ ಪ್ರವಾಸಿ ಏನು ಮಾಡ್ತಾನೆ ಅಂತ ಎಲ್ಲರಿಗೂ ಗೊತ್ತು. ಆನೆ ನೋಡ್ತಾನೆ, ಹೊಳೇಲಿ ನೀರಿದ್ರೆ ರಾಫ್ಟಿಂಗ್ ಮಾಡ್ತಾನೆ, ಫೋಟೋ ಹೊಡೆದುಕೊಂಡು ವಾಪಸ್ ಹೊರಡ್ತಾನೆ. ಆದರೆ ಊರಿನವರು ಸಂಜೆ ಹೊತ್ತು ಏನು ಆಡ್ತಾರೆ? ಈ ಪ್ರಶ್ನೆಯನ್ನು ಮಾತ್ರ ಯಾರೂ ಕೇಳೋದಿಲ್ಲ. ಹುಡುಗರು ಬಿಡಿ, ಗದ್ದೆ ಖಾಲಿ ಇದ್ದರೆ ಸಾಕು, ಕ್ರಿಕೆಟ್ಟೋ ವಾಲಿಬಾಲೋ ಆಡಿಕೊಳ್ತಾರೆ. ನಲವತ್ತು ದಾಟಿದವರು? ಮದುವೆಯಾದ ಹೆಣ್ಣುಮಕ್ಕಳು? ಪಿಂಚಣಿ ತಗೊಂಡು ತೋಟಕ್ಕೆ ಬಂದು ಕೂತ ಹಿರಿಯರು? ಇವರ ಪಾಲಿಗೆ ಆಟ ಅಂದ್ರೆ ಟೀವಿ ಮುಂದೆ ಕೂರೋದು, ಅಷ್ಟೇ.

ಇಂಥವರಿಗೆ ಹೇಳಿ ಮಾಡಿಸಿದ ಹಾಗಿರುವ ಆಟವೊಂದು ಈಗ ಬೆಂಗಳೂರಿನಲ್ಲಿ ಭರ್ಜರಿಯಾಗಿ ನಡೀತಿದೆ. ಹೆಸರು ಪಿಕಲ್‌ಬಾಲ್. ಉಪ್ಪಿನಕಾಯಿಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಗಂಟೆಗಿಷ್ಟು ಅಂತ ಬಾಡಿಗೆ ಕಟ್ಟಿ, ಮೊದಲೇ ಜಾಗ ಕಾದಿರಿಸಿ ಆಡ್ತಾರೆ. ಬೆಂಗಳೂರಿನಲ್ಲಿ ನಡೆದದ್ದು ಕೊಡಗಿನ ರೆಸಾರ್ಟಿಗೆ ಬರೋದಕ್ಕೆ ಬಹಳ ದಿನ ಬೇಕಾಗಿಲ್ಲ. ಆಗ ಏನಾಗುತ್ತೆ? ಗೇಟಿನ ಒಳಗೆ ಅತಿಥಿಗಳು ಆಡ್ತಾರೆ, ಗೇಟಿನ ಹೊರಗೆ ನಾವು ಟಕ್ ಟಕ್ ಸದ್ದು ಕೇಳ್ತೀವಿ. ಹಾಗಾಗೋದು ಬೇಡ. ಅದು ಬೇಲಿಯೊಳಗೆ ಸೇರಿಕೊಳ್ಳುವ ಮೊದಲೇ ಊರಿನ ಮೈದಾನಕ್ಕೆ ಬರಬೇಕು. ಇವತ್ತಿನ ನಮ್ಮ ಮಾತು ಇಷ್ಟೇ.

ಸಾಮಾನಿಲ್ಲದೆ ಹುಟ್ಟಿದ ಆಟ

ದುಡ್ಡಿರೋರ ಆಟ ಕಣ್ರೀ ಇದು ಅನ್ನೋರಿಗೆ ಇದರ ಹುಟ್ಟಿನ ಕಥೆ ಹೇಳಬೇಕು. 1965ರ ಬೇಸಿಗೆ. ಅಮೆರಿಕದ ಸಿಯಾಟಲ್ ಪಕ್ಕದ ಬೇನ್‌ಬ್ರಿಜ್ ದ್ವೀಪ. ಜೋಯಲ್ ಪ್ರಿಚರ್ಡ್ ಎಂಬ ರಾಜಕಾರಣಿ ಮತ್ತು ಅವರ ಗೆಳೆಯ ಬಿಲ್ ಬೆಲ್ ಮನೆಗೆ ಬಂದರೆ ಮಕ್ಕಳು ಬೇಜಾರು ಅಂತ ಕೂತಿದ್ದಾರೆ. ಹಿತ್ತಲಲ್ಲಿ ಹಳೇ ಷಟಲ್ ಕೋರ್ಟು ಇತ್ತು, ಆಡೋಕೆ ಸರಿಯಾದ ಸಾಮಾನು ಇರಲಿಲ್ಲ. ಟೇಬಲ್ ಟೆನಿಸ್ ಬ್ಯಾಟು, ತೂತಿನ ಪ್ಲಾಸ್ಟಿಕ್ ಚೆಂಡು ಸಿಕ್ಕವು. ಅದನ್ನೇ ಹಿಡಿದು ಶುರು ಮಾಡಿದರು, ನೆಟ್ಟನ್ನು ಕೆಳಗಿಳಿಸಿದರು. ಆಮೇಲೆ ಬಾರ್ನಿ ಮೆಕ್ಯಾಲಮ್ ಎಂಬ ಗೆಳೆಯರೂ ಸೇರಿ ನಿಯಮ ಬರೆದರು. ಇಲ್ಲದ್ದನ್ನು ಇರುವುದರಲ್ಲೇ ಹೊಂದಿಸಿಕೊಂಡ ಆಟ ಇದು. ನಮ್ಮ ದೇಶಕ್ಕೆ ತಂದು ಬೆಳೆಸಿದವರು ಮುಂಬೈಯ ಸುನಿಲ್ ವಲಾವಲ್ಕರ್; 2008ರಲ್ಲಿ ಅಖಿಲ ಭಾರತ ಸಂಘವೂ ಆಯಿತು.

ಈಗ ಅಳತೆ ನೋಡಿ. ಕೋರ್ಟಿನ ಉದ್ದ 44 ಅಡಿ, ಅಗಲ 20 ಅಡಿ. ಅಂದ್ರೆ ಷಟಲ್ ಡಬಲ್ಸ್ ಕೋರ್ಟಿನ ಅಳತೆಯೇ. ನೆಟ್ಟು ಬದಿಯಲ್ಲಿ 36 ಇಂಚು, ನಡುವೆ 34 ಇಂಚು. ನೆಟ್ಟಿನಿಂದ 7 ಅಡಿಗೆ ಎರಡೂ ಕಡೆ ಒಂದೊಂದು ಗೆರೆ. ಷಟಲ್‌ನ ಮುಂದಿನ ಗೆರೆ ಆರೂವರೆ ಅಡಿಗೆ ಇರುತ್ತೆ; ಅರ್ಧ ಅಡಿ ಹಿಂದೆ ಇನ್ನೊಂದು ಗೆರೆ ಎಳೆದರೆ ಮುಗೀತು. ಸಿಮೆಂಟಿನ ಷಟಲ್ ಕೋರ್ಟು ಇರುವ ಶಾಲೆಯೋ ಯುವಕ ಸಂಘವೋ ಹೊಸದಾಗಿ ಕಟ್ಟಬೇಕಾದ್ದು ಏನೂ ಇಲ್ಲ. ಬೇಕಾದ್ದು ಒಂದು ಡಬ್ಬ ಬಣ್ಣ, ಒಂದು ನೆಟ್ಟು, ನಾಲ್ಕು ಬ್ಯಾಟು, ಚೆಂಡು.

ಅಡುಗೆಮನೆಗೆ ಕಾಲಿಡಬಾರದು!

ಆ 7 ಅಡಿ ಜಾಗಕ್ಕೆ ಆಟಗಾರರು 'ಕಿಚನ್' ಅಂತಾರೆ, ಅಂದ್ರೆ ಅಡುಗೆಮನೆ. ಅಲ್ಲಿ ನಿಂತು ಗಾಳಿಯಲ್ಲಿ ಬರೋ ಚೆಂಡನ್ನು ಹೊಡೆಯೋ ಹಾಗಿಲ್ಲ. ಚೆಂಡು ನೆಲಕ್ಕೆ ಬಿದ್ದು ಪುಟಿದರೆ ಒಳಗೆ ಹೋಗಿ ಹೊಡೀಬಹುದು. ನಮ್ಮ ಗಂಡಸರಿಗೆ ಈ ಕಾನೂನು ಕಷ್ಟವಾಗಲಾರದು, ಅಡುಗೆಮನೆಯಿಂದ ದೂರ ನಿಂತೇ ಅಭ್ಯಾಸ.

ತಮಾಷೆ ಬಿಡಿ. ಎಲ್ಲ ವಯಸ್ಸಿನವರೂ ಜೊತೆಗೆ ಆಡೋದಕ್ಕೆ ಆಗುವ ಗುಟ್ಟು ಈ ನಿಯಮದಲ್ಲೇ ಇದೆ. ಉದ್ದ ಕೈಯ ಹುಡುಗ ನೆಟ್ಟಿಗೆ ಅಂಟಿಕೊಂಡು ಮೇಲಿಂದ ಬಾರಿಸೋದಕ್ಕೆ ಆಗಲ್ಲ. ಇನ್ನೊಂದು ನಿಯಮ: ಸರ್ವಿಸ್ ಮಾಡಿದ ಚೆಂಡು ಎದುರಿನವರ ಕಡೆ ಒಮ್ಮೆ ಪುಟಿಯಲೇಬೇಕು, ಅವರು ವಾಪಸ್ ಕಳಿಸಿದ್ದು ನಮ್ಮ ಕಡೆ ಒಮ್ಮೆ ಪುಟಿಯಲೇಬೇಕು. ಆಮೇಲೆ ಮಾತ್ರ ಗಾಳಿಯಲ್ಲಿ ಹೊಡೆತ. ಸರ್ವಿಸ್ಸೂ ಸೊಂಟದ ಕೆಳಗಿನಿಂದ, ಎದುರಿನ ಮೂಲೆ ಚೌಕಕ್ಕೆ. ಹೀಗಾಗಿ ಬರೀ ಸರ್ವಿಸ್ ಹೊಡೆದೇ ಗೆಲ್ಲುವ ಗತ್ತು ಇಲ್ಲಿ ನಡೆಯಲ್ಲ. ಮಾಮೂಲಿ ಲೆಕ್ಕದಲ್ಲಿ ಸರ್ವಿಸ್ ಯಾರದೋ ಅವರಿಗೇ ಅಂಕ. 11 ಅಂಕಕ್ಕೆ ಆಟ, ಎರಡು ಅಂಕದ ಅಂತರ ಬೇಕು.

ಕಲಿಯೋದು ಹೇಗೆ? ಮೊದಲ ದಿನವೇ ಆಟಕ್ಕೆ ಇಳಿಯಬೇಡಿ. ಇಬ್ಬರು ಅಡುಗೆಮನೆ ಗೆರೆಯ ಹಿಂದೆ ಎದುರುಬದುರು ನಿಂತು, ಚೆಂಡು ನೆಟ್ಟು ದಾಟಿ ಎದುರಿನ ಅಡುಗೆಮನೆಯಲ್ಲಿ ಮೆತ್ತಗೆ ಬೀಳುವ ಹಾಗೆ ತಳ್ಳಿ. ಹೊಡೀಬೇಡಿ, ತಳ್ಳಿ. ಬ್ಯಾಟು ಹಿಡಿದ ಕೈ ಬಿಗಿಯಾಗಿರಬಾರದು. ಹತ್ತು ಸಲ ತಪ್ಪದೆ ಬಂತಾ? ಇಪ್ಪತ್ತಕ್ಕೆ ಹೋಗಿ. ಜೊತೆಗಾರರಿಲ್ಲದ ದಿನ ಗೋಡೆಯೇ ಗುರು.

ಎರಡನೇ ಪಾಠ: ಸರ್ವಿಸ್ಸೂ ಅದರ ವಾಪಸ್ ಹೊಡೆತವೂ ಆಳಕ್ಕೆ, ಹಿಂದಿನ ಗೆರೆ ಹತ್ತಿರ ಬೀಳಲಿ. ವಾಪಸ್ ಹೊಡೆದವರು ತಡಮಾಡದೆ ಮುಂದೆ ಬಂದು ಅಡುಗೆಮನೆ ಗೆರೆ ಹಿಡೀಬೇಕು. ಜೊತೆಗಾರ ಮುಂದೆ, ತಾನು ಹಿಂದೆ ಅಂತ ನಿಂತರೆ ನಡುವಿನ ಜಾಗ ಎದುರಾಳಿಗೆ ದಾನ ಕೊಟ್ಟ ಹಾಗೆ.

ಮೂರನೇ ಪಾಠ ಸ್ವಲ್ಪ ಕಷ್ಟದ್ದು. ಸರ್ವಿಸ್ ಮಾಡಿದವರ ಪಾಲಿಗೆ ಬರುವ ಮೂರನೇ ಹೊಡೆತವನ್ನು ಬಾರಿಸದೆ, ಎದುರಿನ ಅಡುಗೆಮನೆಗೆ ಇಳಿಬಿಡುವುದು. ಚೆನ್ನಾಗಿ ಆಡೋರಿಗೂ ಸುಮ್ಮನೆ ಬ್ಯಾಟು ಬೀಸೋರಿಗೂ ವ್ಯತ್ಯಾಸ ಕಾಣೋದು ಇಲ್ಲೇ. ಇಲ್ಲಿ ತೋಳಿನ ಬಲಕ್ಕಿಂತ ತಾಳ್ಮೆಗೆ ಬೆಲೆ ಜಾಸ್ತಿ. ಅರವತ್ತರ ಅಜ್ಜಿ ಇಪ್ಪತ್ತರ ಮೊಮ್ಮಗನನ್ನು ಸೋಲಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ತಾಳ್ಮೆಯ ಪಾಠವನ್ನು ದುಬಾರೆಯವರಿಗೆ ಹೊರಗಿನವರು ಬಂದು ಹೇಳಬೇಕೇ? ಕಾಡಿನಿಂದ ಹಿಡಿದು ತಂದ ಆನೆಯನ್ನು ಕ್ರಾಲಿನಲ್ಲಿಟ್ಟು, ದಿನಾ ಒಂದೇ ಮಾತು ಹೇಳಿ, ಅದೇ ಕೆಲಸ ಮತ್ತೆ ಮತ್ತೆ ಮಾಡಿಸಿ ಪಳಗಿಸುವ ಊರು ಇದು. ಇಲ್ಲಿನ ಆನೆಗಳು ಮೈಸೂರು ದಸರಾದ ಜನಜಂಗುಳಿಯಲ್ಲಿ ಗಾಬರಿಯಿಲ್ಲದೆ ನಡೆಯೋದು ಒಂದು ದಿನದ ಪಾಠದಿಂದಲ್ಲ. ಹಿರಿಯರ ಪಕ್ಕದಲ್ಲಿ ನಿಂತು ನೋಡಿ ಕಲಿತವರೇ ಕಾವಾಡಿ, ಮಾವುತ ಆಗಿದ್ದು. ಆಟ ಕಲಿಯೋದೂ ಅದೇ ದಾರಿ.

ಹಾಕಿ ಇದೆಯಲ್ಲ ಅಂತೀರಾ?

ಇದೆ, ಹೆಮ್ಮೆಯೂ ಇದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಮನೆತನ ಸೇರಿಸಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ, 2024ರಲ್ಲಿ ನಾಪೋಕ್ಲುವಿನಲ್ಲಿ 360 ಮನೆತನಕ್ಕೆ ಬೆಳೆದು ನಿಂತಿತ್ತು. ಅಪ್ಪ, ಮಗಳು, ತಾತ ಒಂದೇ ತಂಡದಲ್ಲಿ ಆಡುವುದನ್ನು ಲೋಕಕ್ಕೆ ತೋರಿಸಿದ ಜಿಲ್ಲೆ ನಮ್ಮದು. ಆದರೆ ಅದು ವರ್ಷಕ್ಕೊಮ್ಮೆ ಬರುವ ಹಬ್ಬ, ಮನೆತನದ ಹಬ್ಬ. ಹಾಡಿಯ ಹುಡುಗ, ತೋಟದ ಲೈನ್‌ಮನೆಯ ಹೆಣ್ಣುಮಗಳು, ಬಸ್‌ಸ್ಟಾಪಿನಲ್ಲಿ ಅಂಗಡಿ ಇಟ್ಟವರು ಅಲ್ಲಿ ನೋಡೋರು ಮಾತ್ರ. ದಿನಾ ಸಂಜೆ, ಜಾತಿ ಕೇಳದೆ, ವಯಸ್ಸು ಕೇಳದೆ ನಾಲ್ಕು ಜನ ಸೇರಿ ಆಡೋದಕ್ಕೆ 44 ಅಡಿ ಜಾಗ ಸಾಕು ಅನ್ನೋದೇ ಇಲ್ಲಿನ ಲಾಭ.

ವಯಸ್ಸಾಯ್ತು, ಮೊಣಕಾಲು ನೋವು ಅನ್ನೋರು ನಮ್ಮ ರೋಹನ್ ಬೋಪಣ್ಣನವರನ್ನು ನೆನೆಸಿಕೊಳ್ಳಲಿ. ಮೊಣಕಾಲಿನ ಮೃದ್ವಸ್ಥಿ ಸವೆದು ನೋವು ತಿಂದವರು. ಅಯ್ಯಂಗಾರ್ ಯೋಗದಿಂದ ಸುಧಾರಿಸಿಕೊಂಡೆ ಅಂತ ತಾವೇ ಹೇಳಿದ್ದಾರೆ. 2024ರ ಜನವರಿಯಲ್ಲಿ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ನಾವೆಲ್ಲ ಬೋಪಣ್ಣ ಆಗಬೇಕಾಗಿಲ್ಲ. ನಲವತ್ತಕ್ಕೆ ಆಟ ಮುಗೀತು ಅನ್ನೋ ಮಾತು ಸುಳ್ಳು ಅಂತ ಗೊತ್ತಾದರೆ ಸಾಕು.

ಹಾಗಂತ ಉತ್ಸಾಹದಲ್ಲಿ ಮೈಮರೀಬೇಡಿ. ಹಿರಿಯರು ಈ ಆಟದಲ್ಲಿ ಪೆಟ್ಟು ಮಾಡಿಕೊಳ್ಳೋದು ಹೆಚ್ಚಾಗಿ ಬಿದ್ದು, ಅದರಲ್ಲೂ ತಲೆ ಮೇಲೆ ಹೋಗುವ ಚೆಂಡಿಗೆ ಹಿಮ್ಮುಖವಾಗಿ ಓಡಿ. ತಿರುಗಿ ಓಡಿ, ಇಲ್ಲಾ ಬಿಟ್ಟುಬಿಡಿ; ಒಂದು ಅಂಕಕ್ಕೆ ಮಣಿಕಟ್ಟು ಮುರಿದುಕೊಳ್ಳಬೇಕೇ? ಹವಾಯಿ ಚಪ್ಪಲಿ ಹಾಕಿ ಕೋರ್ಟಿಗೆ ಇಳೀಬೇಡಿ. ಬೀಪಿ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ ಬನ್ನಿ. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು ಆಮೇಲೆ ಬ್ಯಾಟು ಹಿಡೀರಿ.

ಪಂಚಾಯ್ತಿಗೆ ನಾಲ್ಕು ಮಾತು

ಒಂದು, ಕುಶಾಲನಗರ–ಸಿದ್ದಾಪುರ ರಸ್ತೆಯ ಊರುಗಳಲ್ಲಿ, ಗುಡ್ಡೆಹೊಸೂರಿರಲಿ, ನಂಜರಾಯಪಟ್ಟಣವಿರಲಿ, ಸರ್ಕಾರಿ ಜಾಗದಲ್ಲಿ ಎಲ್ಲಿ ಸಿಮೆಂಟು ಅಂಗಳ ಇದೆಯೋ ಅಲ್ಲಿ ಗೆರೆ ಎಳೆಸಿ. ಶಾಲೆಯದಾದರೆ ತರಗತಿ ಬಿಟ್ಟ ಮೇಲೆ ಊರಿಗೆ ತೆರೀಲಿ. ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನೋದನ್ನು ಗ್ರಾಮಸಭೆಯಲ್ಲೇ ತೀರ್ಮಾನ ಮಾಡಿ.

ಎರಡು, ಕೋರ್ಟು ಆನೆ ಶಿಬಿರದ ಪಕ್ಕ, ಕಾಡಂಚಿನಲ್ಲಿ ಬೇಡವೇ ಬೇಡ. ಈ ಆಟದ ಟಕ್ ಟಕ್ ಸದ್ದಿಗೆ ಅಮೆರಿಕದಲ್ಲೇ ಅಕ್ಕಪಕ್ಕದ ಮನೆಯವರು ಕೋರ್ಟು ಮೆಟ್ಟಿಲು ಹತ್ತಿದ್ದಾರೆ. ಊರ ನಡುವೆ, ಜನ ಓಡಾಡುವ ಕಡೆ ಇರಲಿ. ದೊಡ್ಡ ದೀಪದ ಕಂಬವೂ ಬೇಡ. ಕತ್ತಲಾದರೆ ಕಾಡಾನೆ ರಸ್ತೆಗಿಳಿಯುವ ಸೀಮೆ ಇದು. ಐದಕ್ಕೆ ಶುರು, ಬೆಳಕಿರುವಾಗಲೇ ಮುಕ್ತಾಯ, ಎಲ್ಲರೂ ಮನೆಗೆ.

ಮೂರು, ಮಳೆಗಾಲ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಹೊರಗೆ ಆಡೋ ಮಾತೇ ಇಲ್ಲ. ಒಳಗೆ ಆಡಬೇಕಾದರೆ ಓಡಾಡೋ ಜಾಗ ಸೇರಿ 60 ಅಡಿ ಉದ್ದ, 30 ಅಡಿ ಅಗಲ ಬೇಕು. ಅಷ್ಟು ದೊಡ್ಡ ಸಮುದಾಯ ಭವನ ಇರುವ ಕಡೆ, ಮದುವೆ ಇಲ್ಲದ ದಿನ ಬಾಗಿಲು ತೆಗೆಯಲಿ. ಖಾಲಿ ಭವನದಲ್ಲಿ ಜೇಡ ಬಲೆ ಕಟ್ಟೋದಕ್ಕಿಂತ ಊರವರು ನೆಟ್ಟು ಕಟ್ಟೋದು ವಾಸಿ.

ನಾಲ್ಕು, ವಾರದಲ್ಲಿ ಎರಡು ಸಂಜೆ ಹೆಂಗಸರಿಗೇ ಮೀಸಲು. ಇಲ್ಲದಿದ್ದರೆ ಮೊದಲ ತಿಂಗಳು ಎಲ್ಲರೂ, ಎರಡನೇ ತಿಂಗಳಿಂದ ಹುಡುಗರು ಮಾತ್ರ. ಎಷ್ಟು ಮೈದಾನದಲ್ಲಿ ಹೀಗಾಗಿಲ್ಲ ಹೇಳಿ?

ಅಂಗಡಿಯವರಿಗೂ ಒಂದು ಮಾತು. ನಾಲ್ಕು ಬ್ಯಾಟು, ಒಂದು ಡಜನ್ ಚೆಂಡಿನ ಖರ್ಚನ್ನು ಹತ್ತು ಅಂಗಡಿ ಹಂಚಿಕೊಂಡರೆ ಯಾರಿಗೂ ಭಾರ ಆಗಲ್ಲ. ಪ್ರವಾಸಿಗಳ ಕೃಪೆಯಿಂದ ನಡೆಯೋ ವ್ಯಾಪಾರ ಸರಿ, ಆ ವ್ಯಾಪಾರದಲ್ಲಿ ದಿನವಿಡೀ ನಿಂತು ಸವೆಯೋದು ನಿಮ್ಮದೇ ಕಾಲು. ಸಂಜೆ ಅರ್ಧ ಗಂಟೆ ಆ ಕಾಲಿಗೂ ಆಟ ಬೇಡವೇ? ಈ ಸಲದ ಗ್ರಾಮಸಭೆಗೆ ಹೋದಾಗ ರಸ್ತೆ, ನೀರು, ದೀಪ ಎಲ್ಲ ಕೇಳಿ. ಅದರ ಜೊತೆಗೆ ಎದ್ದು ನಿಂತು ಕೇಳಿ: ನಮಗೊಂದು ಗೆರೆ ಎಳೆದು ಕೊಡ್ತೀರಾ, ಇಲ್ವಾ?