ಪಕ್ಕದ ಬೆಂಚಿಗೆ ಪಾಠ ಕಳಿಸಲು ಸಮುದ್ರ ದಾಟಬೇಕೆ?



ಶಾಲೆಯ ಗಣಕಯಂತ್ರ ಕೊಠಡಿಯಲ್ಲಿ ೨೦ ಯಂತ್ರಗಳಿವೆ ಎಂದಿಟ್ಟುಕೊಳ್ಳಿ. ಶಿಕ್ಷಕರ ಯಂತ್ರದಲ್ಲಿರುವ ೩೦೦ ಎಂಬಿ ಗಾತ್ರದ ಪಾಠದ ವಿಡಿಯೋ ಆ ಎಲ್ಲ ಯಂತ್ರಗಳಿಗೆ ತಲುಪಬೇಕಾಗಿದೆ. ನಡುವಿನ ಅಂತರ ಹತ್ತು ಮೊಳ. ಈಗಿನ ರೂಢಿಯಂತೆ ಆ ವಿಡಿಯೋ ಮೊದಲು ಅಂತರ್ಜಾಲದ ಮೂಲಕ ಎಲ್ಲಿಯೋ ದೂರದ ದತ್ತಾಂಶ ಕೇಂದ್ರಕ್ಕೆ ಏರಬೇಕು. ಬಳಿಕ ಅದೇ ದಾರಿಯಲ್ಲಿ ೨೦ ಸಲ ಇಳಿಯಬೇಕು. ಲೆಕ್ಕ ಹಾಕಿದರೆ ಇಳಿಯುವುದೇ ೬ ಜಿಬಿ. ಇದನ್ನು ಪ್ರಗತಿಯೆಂದು ಕರೆಯುವವರೊಡನೆ ನನಗೆ ಜಗಳವಿದೆ. ಆ ಜಗಳವನ್ನೇ ಇಲ್ಲಿ ಬರೆಯುತ್ತಿದ್ದೇನೆ.

"ಸರ್, ಡ್ರೈವ್‌ನ್ಯಾಗ ಹಾಕಿಬಿಡ್ರಿ, ಎಲ್ಲಾರಿಗೂ ಸಿಗತೈತಿ" ಎಂದು ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಗಳು ಸಲಹೆ ಕೊಡುತ್ತಾರೆ. ಎಲ್ಲರಿಗೂ ಸಿಗುತ್ತದೆ ಎಂಬ ಮಾತೇ ಪರೀಕ್ಷಿಸಬೇಕಾದದ್ದು. ಮುಂಡರಗಿಯ ಕಡೆಯ ಹಳ್ಳಿಯಲ್ಲಿ ಸಂಪರ್ಕ ಕಡಿದ ದಿನ ಯಾರಿಗೂ ಸಿಗುವುದಿಲ್ಲ. ಡೇಟಾ ಮುಗಿದ ಮನೆಯ ಮಗುವಿಗೆ ಸಿಗುವುದಿಲ್ಲ. ಇನ್ನು ಮಕ್ಕಳಿಗೆ ಖಾತೆ ತೆರೆಸುವ ವಿಷಯ: ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ೧೮ ವರ್ಷ ತುಂಬದವರ ಮಾಹಿತಿಯನ್ನು ಬಳಸಲು ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಒಂದು ಪಾಠವನ್ನು ಓದಲು ಮಗುವೊಂದು ಪರದೇಶದ ಕಂಪನಿಯ ಗ್ರಾಹಕನಾಗಬೇಕೆಂಬ ನಿಯಮವನ್ನು ನಾವೇಕೆ ಒಪ್ಪಿಕೊಂಡೆವು?

ಇದಕ್ಕೆ ಉತ್ತರ ಕೊಠಡಿಯೊಳಗೇ ಇದೆ. ಅದರ ಹೆಸರು ವೆಬ್ ಸರ್ವರ್. ಹೆಸರು ಕೇಳಿ ಬೆದರಬೇಕಾಗಿಲ್ಲ. ಒಂದು ಯಂತ್ರದ ಒಂದು ಕಡತಕೋಶವನ್ನು ಅದೇ ಜಾಲದ ಉಳಿದ ಯಂತ್ರಗಳ ಬ್ರೌಸರಿಗೆ ತೆರೆದು ತೋರಿಸುವ ಚಿಕ್ಕ ತಂತ್ರಾಂಶ ಅದು. ಓದುವವರು ೧೯೨.೧೬೮ ಎಂದು ಆರಂಭವಾಗುವ ವಿಳಾಸವನ್ನು ಟೈಪು ಮಾಡಿದರೆ ಪಟ್ಟಿ ಕಾಣಿಸುತ್ತದೆ; ಬೇಕಾದುದನ್ನು ಒತ್ತಿದರೆ ಬರುತ್ತದೆ. ಇಂತಹ ವಿಳಾಸಗಳನ್ನು ಮನೆ, ಶಾಲೆ, ಕಚೇರಿಗಳ ಒಳಬಳಕೆಗೆಂದೇ ೧೯೯೬ರ ನಿಯಮವೊಂದು ಮೀಸಲಾಗಿಟ್ಟಿದೆ. ಈ ಕೆಲಸಕ್ಕೆ ಅಂತರ್ಜಾಲ ಸಂಪರ್ಕವೇ ಬೇಕಾಗಿಲ್ಲ. ಸ್ವಿಚ್ಚು ಮತ್ತು ತಂತಿ, ಇಲ್ಲವೆ ಒಂದು ವೈಫೈ ರೂಟರ್ ಸಾಕು. ನಾನು ಹೇಳಿದ ವಿಡಿಯೋ ೧೦೦ ಎಂಬಿಪಿಎಸ್‌ನ ಹಳೆಯ ತಂತಿಯ ಜಾಲದಲ್ಲಿಯೂ ಹತ್ತು ನಿಮಿಷದೊಳಗೆ ಎಲ್ಲ ೨೦ ಯಂತ್ರಗಳಿಗೆ ತಲುಪುತ್ತದೆ. ಖರ್ಚಾಗುವ ಡೇಟಾ ಸೊನ್ನೆ. ವೆಬ್ ಹುಟ್ಟಿದ್ದೂ ಇಂತಹ ಅಗತ್ಯದಿಂದಲೇ. ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ೧೯೮೯ರಲ್ಲಿ ಅದನ್ನು ಸೂಚಿಸಿದ್ದು, ಆ ಸಂಸ್ಥೆಯ ವಿಜ್ಞಾನಿಗಳ ಕಾಗದಪತ್ರಗಳು ಒಬ್ಬರಿಗೊಬ್ಬರಿಗೆ ಸಿಗುವಂತಾಗಲಿ ಎಂದು.

"ಅದಕ್ಕೆಲ್ಲ ಪೆನ್‌ಡ್ರೈವ್ ಸಾಕಲ್ಲ" ಎನ್ನುವವರಿದ್ದಾರೆ. ೨೦ ಯಂತ್ರಗಳಿಗೆ ಒಂದೇ ಪೆನ್‌ಡ್ರೈವ್ ಚುಚ್ಚುತ್ತ ಹೋದರೆ ಪಾಠದೊಡನೆ ವೈರಸ್ಸೂ ೨೦ ಯಂತ್ರಗಳಿಗೆ ಹಂಚಿಕೆಯಾಗುತ್ತದೆ. "ವಿಂಡೋಸ್‌ನ ಹಂಚಿಕೆಯ ಫೋಲ್ಡರ್ ಇದೆಯಲ್ಲ" ಎನ್ನುವವರು ೨೦೧೭ರ ಮೇ ತಿಂಗಳನ್ನು ನೆನೆಯಲಿ. ವಾನಾಕ್ರೈ ಎಂಬ ಪಿಡುಗು ಯಂತ್ರದಿಂದ ಯಂತ್ರಕ್ಕೆ ಹರಡಿದ್ದು ಆ ಹಂಚಿಕೆಯ ಹಳೆಯ ವ್ಯವಸ್ಥೆಯಲ್ಲಿದ್ದ ದೋಷದ ಮೂಲಕವೇ. ಹಂಚಿಕೆಯ ಫೋಲ್ಡರಿಗೆ ಬರೆಯುವ ಅನುಮತಿಯನ್ನೂ ಕೊಟ್ಟಿದ್ದರೆ ಒಬ್ಬ ತುಂಟ ಹುಡುಗ ಇಡೀ ವರ್ಷದ ಪಾಠಗಳನ್ನು ಕ್ಷಣದಲ್ಲಿ ಅಳಿಸಬಲ್ಲ. ಸರಳವಾದ ವೆಬ್ ಸರ್ವರ್ ಓದಲು ಮಾತ್ರ ಕೊಡುತ್ತದೆ. ಗ್ರಂಥಾಲಯದಲ್ಲಿ ಪುಸ್ತಕ ಓದಬಹುದು, ಪುಟ ಹರಿಯುವಂತಿಲ್ಲ, ಇಲ್ಲಿಯೂ ಹಾಗೆಯೇ.

ಮೂರನೆಯ ವರ್ಗ ವಿದ್ಯಾವಂತರದು. ಇವರು ಸರ್ವರ್ ಬೇಕೆಂದು ಒಪ್ಪುತ್ತಾರೆ; ಒಪ್ಪಿದ ಮರುಗಳಿಗೆಯೇ ಅಪಾಚೆ, ಪಿಎಚ್‌ಪಿ, ದತ್ತಾಂಶ ಸಂಚಯ, ಲಾಗಿನ್ ಪುಟ ಎಂದು ದಿಬ್ಬಣವನ್ನೇ ಹೊರಡಿಸುತ್ತಾರೆ. ೧೯೯೫ರಿಂದ ಜಗತ್ತಿನ ಎಷ್ಟೋ ಜಾಲತಾಣಗಳನ್ನು ಹೊತ್ತುನಿಂತ ಅಪಾಚೆಯನ್ನು ನಾನು ನಿಂದಿಸುವುದಿಲ್ಲ. ಆದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೇಕೆ? ಸೇರಿಸಿದ ಒಂದೊಂದು ಭಾಗವೂ ಕೆಡಬಹುದಾದ, ಕಾಲಕಾಲಕ್ಕೆ ನವೀಕರಿಸಬೇಕಾದ ಒಂದೊಂದು ಹೊರೆ. ಹೂಡಿಕೊಟ್ಟವನು ಊರು ಬಿಟ್ಟ ಮೇಲೆ ಆ ಹೊರೆಯನ್ನು ಹೊರುವವರು ಯಾರು?

ಇದೇ ನನ್ನ ವಾದದ ತಿರುಳು. ಸರ್ಕಾರಿ ಶಾಲೆಯಲ್ಲಿ ಶಿಕ್ಷಕರು ವರ್ಗವಾಗುತ್ತಾರೆ, ಗುತ್ತಿಗೆಯವರ ಅವಧಿ ಮುಗಿಯುತ್ತದೆ. ಕೊಠಡಿ ಮಾತ್ರ ಉಳಿಯುತ್ತದೆ. ಗುಪ್ತಪದ ಬಲ್ಲವರು ಹೋದರೆಂಬ ಒಂದೇ ಕಾರಣಕ್ಕೆ ಬೀಗ ಬಿದ್ದ ಕೊಠಡಿಯನ್ನು ನಾನು ಕಂಡಿದ್ದೇನೆ. ಆದುದರಿಂದ ಸರ್ವರನ್ನು ಆರಿಸುವಾಗ ವೇಗವೆಷ್ಟು, ಸೌಲಭ್ಯಗಳೆಷ್ಟು ಎಂದು ಮೊದಲು ಕೇಳಬಾರದು. ಇದನ್ನು ನಡೆಸುವ ಕ್ರಮವೆಲ್ಲ ಒಂದು ಹಾಳೆಯಲ್ಲಿ, ಕನ್ನಡದಲ್ಲಿ, ಮುಂದಿನ ಶಿಕ್ಷಕರಿಗೆ ಅರ್ಥವಾಗುವಂತೆ ಹಿಡಿಸುತ್ತದೆಯೇ ಎಂದು ಕೇಳಬೇಕು. ಹಿಡಿಸದಿದ್ದರೆ ಅದು ನಮಗೆ ಬೇಡ.

ಈ ಒರೆಗಲ್ಲಿಗೆ ತಿಕ್ಕಿ ನೋಡಿದರೆ ಉಳಿಯುವವು ಕೆಲವೇ. ಒಂದು ತಾಸಿನ ಕೆಲಸಕ್ಕೆ ಪೈಥಾನ್ ಭಾಷೆಯ ಜೊತೆಗೇ ಬರುವ ಕಿರುಸರ್ವರ್ ಸಾಕು. ಒಂದು ಸಾಲಿನ ಆಜ್ಞೆಯಿಂದ ಅದು ಆರಂಭವಾಗುತ್ತದೆ. ಆದರೆ ಅದನ್ನು ಶಾಶ್ವತ ಸೇವೆಗೆ ಬಳಸಬೇಡಿರೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಅದರ ಆವೃತ್ತಿಗಳಲ್ಲಿ ವಿಡಿಯೋವನ್ನು ನಡುವಿನಿಂದ ನೋಡಲು ಹೋದರೆ ತೊಡಕಾಗುತ್ತದೆ, ಏಕೆಂದರೆ ಕಡತದ ಒಂದು ತುಂಡನ್ನಷ್ಟೇ ಕೇಳುವ ಬೇಡಿಕೆಯನ್ನು ಅದು ನಡೆಸಿಕೊಡುವುದಿಲ್ಲ. ವರ್ಷವಿಡೀ ನಡೆಯಬೇಕಾದರೆ ೨೦೦೩ರಲ್ಲಿ ಯಾನ್ ಕ್ನೆಶ್ಕೆ ಆರಂಭಿಸಿದ ಲೈಟಿಪಿಡಿ, ಅಥವಾ ಇಗೊರ್ ಸಿಸೊಯೆವ್ ೨೦೦೪ರಲ್ಲಿ ಹೊರತಂದ ಎಂಜಿನ್‌ಎಕ್ಸ್. ಇವು ಕೆಲವೇ ಎಂಬಿ ಸ್ಮೃತಿಯಲ್ಲಿ ನಡೆಯಬಲ್ಲವು. ಗುಜರಿಗೆ ಹಾಕಬೇಕೆಂದಿದ್ದ ಯಂತ್ರದಲ್ಲಿಯೂ, ಅಂಗೈಯಗಲದ ರಾಸ್ಪ್‌ಬೆರಿ ಪೈಯಲ್ಲಿಯೂ ನಡೆಯುತ್ತವೆ. ಎರಡರಲ್ಲಿ ನನ್ನ ಮತ ಲೈಟಿಪಿಡಿಗೆ. ಕಡತಗಳಿರುವ ಜಾಗ ಯಾವುದು, ಪಟ್ಟಿ ತೋರಿಸಬೇಕೇ ಎಂಬ ಒಂದೆರಡು ಸಾಲುಗಳನ್ನು ತಿದ್ದಿದರೆ ಕೆಲಸ ಮುಗಿಯುತ್ತದೆ. ಕನ್ನಡ ವಿಕಿಪೀಡಿಯವನ್ನೇ ಇಡಿಯಾಗಿ ಕೊಠಡಿಯೊಳಗೆ ತರಬೇಕೆಂದರೆ, ಅದಕ್ಕೆ ಕಿವಿಕ್ಸ್ ಎಂಬ ತಂತ್ರಾಂಶವೂ ಅದರದೇ ಕಿರುಸರ್ವರೂ ಉಂಟು. ವಿಂಡೋಸ್‌ನಲ್ಲಿ ಬಹುಜನ ಬಳಸಿದ ಎಚ್‌ಎಫ್‌ಎಸ್‌ನ ಹಳೆಯ ೨ನೆಯ ಆವೃತ್ತಿಯನ್ನು ಮಾತ್ರ ಮುಟ್ಟಬೇಡಿರಿ. ಹೊರಗಿನವರು ಯಂತ್ರವನ್ನೇ ವಶಪಡಿಸಿಕೊಳ್ಳಬಹುದಾದ ದೋಷ ಅದರಲ್ಲಿರುವುದು ೨೦೨೪ರಲ್ಲಿ ಬಯಲಾಗಿದೆ. ೩ನೆಯ ಆವೃತ್ತಿಯನ್ನು ಹೊಸದಾಗಿಯೇ ಬರೆಯಲಾಗಿದೆ.

ಕನ್ನಡದ ಪರೀಕ್ಷೆಯೊಂದನ್ನೂ ಸೇರಿಸುತ್ತೇನೆ. ಲಕ್ಷ್ಮೇಶ್ವರವೆಂದರೆ ಹಿಂದಿನ ಪುಲಿಗೆರೆ. ಪಂಪನು ತನ್ನ ಕಾವ್ಯಕ್ಕೆ ಆರಿಸಿಕೊಂಡ ತಿರುಳ್ಗನ್ನಡದ ನೆಲ. ಆ ನೆಲದ ಶಾಲೆಯಲ್ಲಿ ಪಾಠದ ಕಡತಕ್ಕೆ 'ಲೆಸನ್ ಒನ್ ಫೈನಲ್ ನ್ಯೂ' ಎಂದು ಹೆಸರಿಡುವುದೇಕೆ? 'ಎಂಟನೆಯ ತರಗತಿ ವಿಜ್ಞಾನ ಬೆಳಕು' ಎಂದು ಕನ್ನಡದಲ್ಲಿಯೇ ಹೆಸರಿಟ್ಟು, ಪಟ್ಟಿಯಲ್ಲಿ ಸರಿಯಾಗಿ ಕಾಣುವುದೇ ಎಂದು ನೋಡಿರಿ. ಸಾದಾ ಪಠ್ಯದ ಕಡತಗಳು ಯುಟಿಎಫ್-೮ ಎಂದು ಸರ್ವರಿನ ಸಂಯೋಜನೆಯಲ್ಲಿ ತಿಳಿಸಿರಿ. ಇಲ್ಲದಿದ್ದರೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗಬಹುದು. ಯುನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಅಕ್ಷರಗಳ ಕಡತಗಳನ್ನು ಪಿಡಿಎಫ್ ಮಾಡಿ ಇಡಿರಿ.

ಮಿತಿಗಳನ್ನು ಮುಚ್ಚಿಡುವುದು ವಾದದ ಧರ್ಮವಲ್ಲ. ಮಕ್ಕಳು ಉತ್ತರಗಳನ್ನು ಹಿಂದಿರುಗಿಸಲು, ಊರಾಚೆಯವರಿಗೆ ಕಳಿಸಲು ಇದು ಸಾಧನವಲ್ಲ. ಅಂಕಪಟ್ಟಿ, ಆಧಾರ್ ಪ್ರತಿ ಮುಂತಾದವನ್ನು ಇಂತಹ ತೆರೆದ ಕೋಶದಲ್ಲಿ ಇಡಲೇಬಾರದು. ರೂಟರಿನಲ್ಲಿ ಹೊರಗಿನಿಂದ ಒಳಕ್ಕೆ ದಾರಿ ತೆರೆಯಲೂಬಾರದು. ಡಿಸ್ಕು ಕೆಡುವುದುಂಟು, ಬೇರೆಡೆ ಒಂದು ನಕಲು ಇರಲಿ. ಆ ನಕಲಿಗೆ ನಿಮ್ಮ ಡ್ರೈವ್ ಬಳಕೆಯಾದರೆ ನನ್ನ ಆಕ್ಷೇಪವಿಲ್ಲ.

ಗದಗ ತಾಲೂಕಿನ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ನೆರೆಯವರ ಕೈಯಲ್ಲಿಯೇ ಇದ್ದ ಹಣ ನೆರೆಯವರ ಕಷ್ಟಕ್ಕೆ ಒದಗುವಂತಾಗಬೇಕು. ಸಾಲಕ್ಕಾಗಿ ಪರರ ಬಾಗಿಲು ಕಾಯಬಾರದು ಎಂಬುದು ಸಹಕಾರದ ಸರಳ ವಿಚಾರ. ಆ ನೆಲದ ನಾವು ನಮ್ಮದೇ ಪಾಠವನ್ನು ನಮ್ಮದೇ ಮಕ್ಕಳಿಗೆ ಕೊಡಲು ದಿನವೂ ಪರರ ಬಾಗಿಲು ಬಡಿಯುತ್ತಿದ್ದೇವೆ.

ಆದುದರಿಂದ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಕಲಿತು ದೂರದೂರುಗಳಲ್ಲಿ ಈ ವಿದ್ಯೆಯಿಂದಲೇ ಅನ್ನ ಉಣ್ಣುತ್ತಿರುವ ಮಕ್ಕಳೇ, ನಿಮಗೊಂದು ಮಾತು. ದೀಪಾವಳಿಗೆ ಊರಿಗೆ ಬಂದಾಗ ಕಲಿತ ಶಾಲೆಗೆ ಗೋಡೆಗಡಿಯಾರ, ಹೆಸರು ಕೆತ್ತಿಸಿದ ಕುರ್ಚಿ ಕೊಡುವುದು ಸಾಕು. ಒಂದು ದಿನ ಕೊಠಡಿಯಲ್ಲಿ ಕುಳಿತು ಈ ಚಿಕ್ಕ ಸರ್ವರನ್ನು ಹೂಡಿಕೊಡಿರಿ. ನಡೆಸುವ ಕ್ರಮವನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿರಿ. ಬಳಿಕ ಅಲ್ಲಿಯ ಶಿಕ್ಷಕರೊಬ್ಬರು ಆ ಹಾಳೆಯನ್ನಷ್ಟೇ ನೋಡಿ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸುವವರೆಗೆ ಅಲ್ಲಿಂದ ಏಳಬೇಡಿರಿ.