ನಾಳೆಯೇ ಕೊನೆಯ ದಿನ, ಅಕ್ಕೋರೆ

ಒಂದು ಭಾನುವಾರ ಸಂಜೆ ಶಿರಸಿಯಿಂದ ಬಂದ ನೆಂಟರಿಗೆ ಓಂ ಬೀಚ್ ತೋರಿಸಲು ಹೋಗಿದ್ದೆ. ಬಂಡೆಯ ಎರಡೂ ಬದಿಗೆ ಮರಳು ಅರ್ಧಚಂದ್ರದ ಹಾಗೆ ಬಾಗಿರುವುದನ್ನು ಮೇಲಿನಿಂದಲೇ ತೋರಿಸಿ ಮೆಟ್ಟಿಲು ಇಳಿಯುತ್ತಿದ್ದಾಗ “ಅಕ್ಕೋರೆ” ಎಂದು ಯಾರೋ ಕರೆದರು. ನನ್ನ ಹಳೆಯ ವಿದ್ಯಾರ್ಥಿನಿ. ಅವಳ ತಾಯಿ ಅಲ್ಲೇ ಎಳನೀರು ಮಾರುತ್ತಾಳೆ. ಹುಡುಗಿ ಎಂ.ಎಸ್ಸಿ. ಮುಗಿಸಿ, ಹೊರದೇಶದಲ್ಲಿ ಓದಲು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುತ್ತಿದ್ದಳು. ಮೂರು ಶಿಫಾರಸು ಪತ್ರ ಬೇಕು. ಎರಡು ಕಾಲೇಜಿನವರದು, ಒಂದು ಅವಳನ್ನು ಮೊದಲಿನಿಂದ ಬಲ್ಲವರದು. “ನಾಳೆಯೇ ಕೊನೆಯ ದಿನ, ಅಕ್ಕೋರೆ.”

ನನಗೆ ಸಿಟ್ಟು ಬಂತು. ತಾಲೂಕು ಕಚೇರಿಯ ಆದಾಯ ಪ್ರಮಾಣಪತ್ರವೂ ಎಷ್ಟೋ ಸಲ ಒಂದೇ ದಿನದಲ್ಲಿ ಕೈಗೆ ಬರುವುದಿಲ್ಲ. ಒಂದು ಜೀವದ ಬಗ್ಗೆ ಬರೆಯುವ ಪತ್ರ ಬರುತ್ತದೆಯೇ? “ಇಷ್ಟು ದಿನ ಏನು ಮಾಡ್ತಿದ್ದೆ?” ಎಂದು ಗದರಿದೆ. ಅವಳು ತಲೆ ತಗ್ಗಿಸಿ ಹೇಳಿದಳು: “ಅಪ್ಪ ಹೂಂ ಅಂದದ್ದೇ ನಿನ್ನೆ ರಾತ್ರಿ.”

ನನ್ನ ಸಿಟ್ಟು ಅಲ್ಲಿಂದ ಅವಳ ಮನೆಯ ಕಡೆಗೆ, ನಮ್ಮೆಲ್ಲರ ಮನೆಯ ಕಡೆಗೆ ತಿರುಗಿತು. ಗಂಡುಮಗ ಅರ್ಜಿ ಹಾಕುತ್ತೇನೆಂದರೆ ಅಪ್ಪನೇ ಫಾರಂ ಹಿಡಿದು ಓಡಾಡುತ್ತಾನೆ. ಹೆಣ್ಣುಮಗಳು ಅರ್ಜಿ ಹಾಕಲೂ ಅಪ್ಪಣೆ ಬೇಡಬೇಕು. ಅಜ್ಜಿ, ದೊಡ್ಡಪ್ಪ, ಸೋದರಮಾವ ಎಲ್ಲರನ್ನೂ ಕೇಳಿ “ಹೂಂ” ಎನ್ನುವ ಹೊತ್ತಿಗೆ ಎರಡು ತಿಂಗಳು ಕಳೆದಿರುತ್ತದೆ. ಆಮೇಲೆ ಶಿಕ್ಷಕರ ಮನೆಬಾಗಿಲಲ್ಲಿ ನಿಂತು ಬೈಸಿಕೊಳ್ಳುವವಳು ಅವಳೇ. ಸಿಕ್ಕ ಮೇಲೆ ಕಳಿಸಬೇಕೋ ಬೇಡವೋ ಎಂದು ಯೋಚಿಸಲು ಬೇಕಾದಷ್ಟು ಸಮಯವಿರುತ್ತದೆ. ಅರ್ಜಿ ಹಾಕಿದ ಮಾತ್ರಕ್ಕೆ ಮಗಳು ವಿಮಾನ ಹತ್ತಿಬಿಡುತ್ತಾಳೆಯೇ?

ಅವಸರದ ಪತ್ರ ಹೇಗಿರುತ್ತದೆಂದು ನನಗೆ ಗೊತ್ತು, ನಾನೇ ಅಂಥವು ಬರೆದಿದ್ದೇನೆ. “ವಿಧೇಯಳು, ಶ್ರಮಜೀವಿ, ಸದ್ಗುಣಿ.” ಯಾರ ಹೆಸರು ಹಾಕಿದರೂ ನಡೆಯುವ ಮಾತುಗಳು. ಅಮೆರಿಕದ ವೈದ್ಯಕೀಯ ಕಾಲೇಜೊಂದರ ಮುನ್ನೂರಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಪರಿಶೀಲಿಸಿ ಫ್ರಾನ್ಸಿಸ್ ಟ್ರಿಕ್ಸ್ ಮತ್ತು ಕ್ಯಾರೊಲಿನ್ ಸೆಂಕಾ ಎಂಬ ಮಹಿಳೆಯರು 2003ರಲ್ಲಿ ಲೇಖನ ಪ್ರಕಟಿಸಿದರು. ಹೆಂಗಸರ ಬಗ್ಗೆ ಬರೆದ ಪತ್ರಗಳು ಗಂಡಸರದಕ್ಕಿಂತ ಚಿಕ್ಕವಿದ್ದವು. ಅವರ ದುಡಿಮೆಯ ಹೊಗಳಿಕೆಯೇ ಅಲ್ಲಿ ಹೆಚ್ಚು. ಪುರುಸೊತ್ತಿದ್ದಾಗಲೇ ಹೀಗಾದರೆ ಒಂದು ರಾತ್ರಿಯಲ್ಲಿ ಗೀಚಿದ್ದು ಹೇಗಿದ್ದೀತು?

ಒಳ್ಳೆಯ ಶಿಫಾರಸಿನ ಹಿಂದೆ ವರ್ಷಗಳ ಪರಿಚಯವಿರುತ್ತದೆ. ಮುಂಬಯಿಯ ಶಿಕ್ಷಕ ಕೃಷ್ಣಾಜಿ ಅರ್ಜುನ ಕೇಳುಸ್ಕರ್, ತೋಟದಲ್ಲಿ ಕೂತು ಓದುತ್ತಿದ್ದ ಹುಡುಗನನ್ನು ಗಮನಿಸಿ, ಪುಸ್ತಕ ಕೊಟ್ಟು, ಮುಂದೆ ಬರೋಡದ ಸಯಾಜಿರಾವ್ ಮಹಾರಾಜರ ಬಳಿಗೆ ಕರೆದೊಯ್ದರು. ಆ ಹುಡುಗ 1913ರಲ್ಲಿ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದಿಂದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ, ಅವರೇ ಡಾ. ಅಂಬೇಡ್ಕರ್.

ಆ ರಾತ್ರಿ ನಾನು ಕೂತು ಬರೆದೆ. ಒಂಬತ್ತನೆಯ ತರಗತಿಯಲ್ಲಿ ಸಮುದ್ರದ ನೀರು ಕಾಯಿಸಿ ಉಪ್ಪು ತೂಗಿ ಲೆಕ್ಕ ತಂದದ್ದು ನೆನಪಾಯಿತು, ಅದನ್ನೇ ಬರೆದೆ. ಕಾಲೇಜಿನ ಒಬ್ಬರೂ ಕಳಿಸಿದರು. ಇನ್ನೊಬ್ಬರು ಪ್ರಯಾಣದಲ್ಲಿದ್ದರು. ಈಗ ಇಂಥ ಪತ್ರಕ್ಕೆ ಬರೆಯುವವರ ಇ-ಮೇಲಿಗೇ ಲಿಂಕ್ ಬರುತ್ತದೆ. ವೇಳೆ ಮೀರಿದರೆ ತೆರೆಯುವುದಿಲ್ಲ. ಅವರು ನೋಡುವಷ್ಟರಲ್ಲಿ ಅದು ಮುಚ್ಚಿತ್ತು. ಅರ್ಜಿ ಅಪೂರ್ಣವೆಂದು ಬಿದ್ದುಹೋಯಿತು. “ಇನ್ನೊಂದು ವರ್ಷ ಕಾಯುವುದು ಯಾಕೆ?” ಎಂದು ಮನೆಯಲ್ಲಿ ಈಗ ಜಾತಕ ಹೊರಗೆ ತೆಗೆದಿದ್ದಾರೆ.

ಹುಡುಗಿಯರಿಗೆ ನಾನು ಹೇಳುವುದಿಷ್ಟು: ಆರು ವಾರ ಮೊದಲೇ ಕೇಳಿ. ಅಂಕಪಟ್ಟಿ, ಏನು ಓದಬೇಕೆಂದಿದ್ದೀರಿ ಎಂಬ ಒಂದು ಪುಟ, ಕೊನೆಯ ತಾರೀಕು ಮೂರನ್ನೂ ಜೊತೆಗೇ ಕೊಡಿ. ಸಂಕೋಚ ಬೇಡ, ವಾರಕ್ಕೊಮ್ಮೆ ನೆನಪಿಸಿ.

ತಾಯಂದಿರೇ, ಮಗಳು ಅರ್ಜಿಯ ಮಾತೆತ್ತಿದ ದಿನವೇ “ಹಾಕು ಮಗಾ” ಎನ್ನಿ. ಉಳಿದವರನ್ನು ಆಮೇಲೆ ಕೇಳಿದರಾಯಿತು.