ಖಡ್ಗ ಹಿಡಿದ ಕೈಯಲ್ಲಿ ಶಿಲುಬೆಯೇ?

ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಪ್ರಸಾರವಾದ '24' ಎಂಬ ರೋಮಾಂಚಕ ಧಾರಾವಾಹಿಯ ನಾಯಕ ಜ್ಯಾಕ್ ಬಾವರ್ ಕ್ರಿಸ್ತಸದೃಶನೆಂದು ವಾದಿಸುವ ಪತ್ರವೊಂದು ನನ್ನ ಕೈಸೇರಿದೆ. ಬರೆದವರು ಮಕ್ಕಳಿಗೆ ಧರ್ಮೋಪದೇಶ ಕಲಿಸುವ, ಭಾನುವಾರದ ಬಲಿಪೂಜೆಯನ್ನು ತಪ್ಪಿಸದ ಯುವ ಮಿತ್ರರು. ಆ ಧಾರಾವಾಹಿಯ 2014ರ ಸರಣಿಯ ಅಂತಿಮ ಕಂತನ್ನು ನೋಡಿ ಕಣ್ಣೀರು ಬಂತೆಂದೂ, ಗೆಳತಿಯೊಬ್ಬಳ ಬಿಡುಗಡೆಗಾಗಿ ನಾಯಕನು ತನ್ನನ್ನೇ ಶತ್ರುಗಳಿಗೆ ಒಪ್ಪಿಸಿಕೊಳ್ಳುವ ದೃಶ್ಯವು ಶುಭ ಶುಕ್ರವಾರದ ಯಾವ ಪ್ರಬೋಧನೆಗಿಂತಲೂ ಹೆಚ್ಚು ಮನಮುಟ್ಟಿತೆಂದೂ ಅವರು ಬರೆದಿದ್ದಾರೆ. ಪ್ರಬೋಧನೆಗಳ ಬಗೆಗಿನ ಚುಚ್ಚುಮಾತು ನನಗೂ ತಾಗಿತು, ಇರಲಿ. ಆದರೆ ಅದೇ ಪತ್ರದಲ್ಲಿ, ಅದೇ ಉತ್ಸಾಹದಿಂದ, ಅದೇ ಕಂತಿನ ಇನ್ನೊಂದು ದೃಶ್ಯವನ್ನೂ ಅವರು ಕೊಂಡಾಡಿದ್ದಾರೆ: ನಾಯಕನು ಸೆರೆಸಿಕ್ಕ ವೈರಿಯ ತಲೆಯನ್ನು ಖಡ್ಗದಿಂದ ಕಡಿದುಹಾಕುವ ದೃಶ್ಯವನ್ನು. "ಅವನಿಗೆ ತಕ್ಕ ಶಾಸ್ತಿಯಾಯಿತು" ಎಂಬುದು ಅವರ ಮಾತು. ಈ ಎರಡು ಮೆಚ್ಚುಗೆಗಳು ಒಂದೇ ಪುಟದಲ್ಲಿ, ನಡುವೆ ಒಂದು ಗೆರೆಯೂ ಇಲ್ಲದೆ ಕುಳಿತಿರುವುದೇ ನನ್ನನ್ನು ಈ ಲೇಖನಕ್ಕೆ ಪ್ರೇರೇಪಿಸಿತು.

ಧಾರಾವಾಹಿಯನ್ನು ನೋಡದವರಿಗಾಗಿ ಒಂದೆರಡು ಮಾತು. 2001ರ ನವೆಂಬರ್‌ನಲ್ಲಿ, ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿದು ಎರಡು ತಿಂಗಳು ತುಂಬುವ ಮೊದಲೇ ಅದು ಆರಂಭವಾಯಿತು. ಒಂದು ಕಂತೆಂದರೆ ಕಥೆಯ ಒಂದು ಗಂಟೆ. ಇಪ್ಪತ್ನಾಲ್ಕು ಕಂತುಗಳೆಂದರೆ ಒಂದು ದಿನ. ಪರದೆಯ ಮೇಲೆ ಗಡಿಯಾರದ ಅಂಕಿಗಳು ಓಡುತ್ತಿರುತ್ತವೆ. ಎಲ್ಲೋ ಬಾಂಬ್ ಇದೆ, ಹಿಡಿದ ಆಸಾಮಿಗೆ ಅದು ಎಲ್ಲಿದೆಯೆಂದು ಗೊತ್ತಿದೆ, ಸಮಯವಿಲ್ಲ. ಆದ್ದರಿಂದ ಹೊಡೆ, ಚುಚ್ಚು, ವಿದ್ಯುತ್ ಹಾಯಿಸು, ಅವನು ಬಾಯಿಬಿಡುತ್ತಾನೆ. ಮೊದಲ ಐದು ಸರಣಿಗಳಲ್ಲೇ ಇಂಥ ಚಿತ್ರಹಿಂಸೆಯ 67 ದೃಶ್ಯಗಳಿದ್ದವೆಂದು ಅಮೆರಿಕದ 'ಪೇರೆಂಟ್ಸ್ ಟೆಲಿವಿಷನ್ ಕೌನ್ಸಿಲ್' ಎಣಿಸಿತ್ತು. 2014ರ ಮೇ ತಿಂಗಳಿಂದ ಜುಲೈ 14ರವರೆಗೆ ಪ್ರಸಾರವಾದ ಹನ್ನೆರಡು ಕಂತುಗಳ ಕಥೆ ನಡೆಯುವುದು ಲಂಡನ್ನಿನಲ್ಲಿ. ಕಟ್ಟುನಿಟ್ಟಾದ ಕಥನ, ಒಳ್ಳೆಯ ನಟನೆ. ಕೀಫರ್ ಸದರ್ಲೆಂಡ್ ಅವರ ದಣಿದ ಮುಖವನ್ನು ಒಮ್ಮೆ ನೋಡಿದವರು ಸುಲಭವಾಗಿ ಮರೆಯಲಾರರು. ಕಲೆಯಲ್ಲಿ ಕೊರತೆಯಿದ್ದಿದ್ದರೆ ಅದರ ಬಗ್ಗೆ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಈಗ ಆ ಅಂತಿಮ ಕಂತಿನ ಘಟನೆಗಳ ಕ್ರಮವನ್ನು ಗಮನವಿಟ್ಟು ನೋಡೋಣ. ನನ್ನ ವಾದವೆಲ್ಲ ನಿಂತಿರುವುದು ಈ ಕ್ರಮದ ಮೇಲೆಯೇ. ಚೆಂಗ್ ಜೀ ಎಂಬ ಚೀನೀ ಗೂಢಚಾರನ ಕುತಂತ್ರದಿಂದ ಅಮೆರಿಕದ ಜಲಾಂತರ್ಗಾಮಿಯೊಂದು ಚೀನಾದ ವಿಮಾನವಾಹಕ ನೌಕೆಯನ್ನು ಮುಳುಗಿಸಿದೆ. ಎರಡು ದೇಶಗಳು ಯುದ್ಧದ ಅಂಚಿಗೆ ಬಂದಿವೆ. ಜ್ಯಾಕ್‌ನನ್ನು ಹಿಂದೊಮ್ಮೆ ಸೆರೆಯಲ್ಲಿಟ್ಟು ಹಿಂಸಿಸಿದವನೂ ಇದೇ ಚೆಂಗ್. ಈಗ ಅವನು ಪ್ರೀತಿಸುತ್ತಿದ್ದ ಆಡ್ರಿಯ ಸಾವಿಗೂ ಇವನೇ ಕಾರಣ. ಜ್ಯಾಕ್ ಅವನನ್ನು ಹಿಡಿಯುತ್ತಾನೆ, ಕ್ಯಾಮೆರಾದ ಮುಂದೆ ನಿಲ್ಲಿಸುತ್ತಾನೆ. ಸತ್ತನೆಂದು ತಿಳಿದಿದ್ದ ಚೆಂಗ್ ಬದುಕಿರುವುದನ್ನು ಚೀನಾದ ಅಧ್ಯಕ್ಷರೇ ಕಾಣುತ್ತಾರೆ. ಸತ್ಯ ಹೊರಬಂತು, ಯುದ್ಧ ತಪ್ಪಿತು. ಖಡ್ಗ ಮೇಲೇಳುವುದು ಇದೆಲ್ಲ ಮುಗಿದ ಮೇಲೆ.

ಹದಿಮೂರು ವರ್ಷಗಳ ಕಾಲ ಈ ಧಾರಾವಾಹಿ ನಮಗೆ ಒಂದೇ ಪಾಠ ಹೇಳಿಕೊಟ್ಟಿತ್ತು: ಸಮಯವಿಲ್ಲ, ಸಾವಿರಾರು ಜೀವಗಳು ಅಪಾಯದಲ್ಲಿವೆ, ಆದ್ದರಿಂದ ಈ ಕ್ರೌರ್ಯ ಅನಿವಾರ್ಯ. ಆದರೆ ಕೊನೆಯ ಕಂತಿನಲ್ಲಿ ಆ ನೆಪವೂ ಉಳಿದಿಲ್ಲ. ಬಾಂಬಿಲ್ಲ, ಗಡಿಯಾರದ ಒತ್ತಡವಿಲ್ಲ, ಕೈದಿಯಿಂದ ತಿಳಿಯಬೇಕಾದ ರಹಸ್ಯವಿಲ್ಲ. ಅದೇ ಸರಣಿಯಲ್ಲಿ ಇದಕ್ಕೂ ಮೊದಲು ಡ್ರೋನ್‌ಗಳಿಂದ ಲಂಡನ್ನಿನ ಮೇಲೆ ದಾಳಿ ನಡೆಸಿದ ಮಾರ್ಗೋ ಎಂಬ ಹೆಂಗಸನ್ನು ಜ್ಯಾಕ್ ಕಿಟಕಿಯಿಂದ ಹೊರಗೆಸೆದು ಕೊಲ್ಲುವುದೂ ಕೊನೆಯ ಕ್ಷಿಪಣಿಯ ದಿಕ್ಕು ತಪ್ಪಿಸಿದ ಬಳಿಕವೇ. ಅಲ್ಲಿಗೆ 'ಅನಿವಾರ್ಯತೆ'ಯೆಂಬ ಮುಸುಕು ಜಾರಿ ಕೆಳಗೆ ಬಿದ್ದಿದೆ, ಒಳಗಿದ್ದದ್ದು ಹಗೆ. ಆದರೂ ಪ್ರೇಕ್ಷಕರು ಚಪ್ಪಾಳೆ ತಟ್ಟಿದರು, ನಮ್ಮ ಯುವ ಮಿತ್ರರೂ ತಟ್ಟಿದರು. ಇಷ್ಟು ವರ್ಷ ಅವರು ಒಪ್ಪಿಕೊಂಡು ಬಂದದ್ದು ಜೀವರಕ್ಷಣೆಯ ವಾದವನ್ನೋ, ಹಿಂಸೆಯ ಸವಿಯನ್ನೋ? ಕಟುವಾಗಿ ಕೇಳುತ್ತಿದ್ದೇನೆಂದು ಬಲ್ಲೆ. ಆದರೆ ಪ್ರಶ್ನೆಯನ್ನು ಎತ್ತಿದ್ದು ನಾನಲ್ಲ; ಕಥೆಗಾರರು ಜೋಡಿಸಿದ ಆ ಕ್ರಮವೇ ಎತ್ತಿದೆ.

"ಇದು ಬರೀ ಕಥೆ, ಫಾದರ್" ಎಂದು ಹಲವರು ಹೇಳುತ್ತಾರೆ. ಹಾಗೆಂದು ಸಮಾಧಾನಪಟ್ಟುಕೊಳ್ಳಲಾಗದ ಒಬ್ಬರಿದ್ದರು. ಅವರು ಯಾವ ಮಠದ ಸಂನ್ಯಾಸಿಯೂ ಅಲ್ಲ, ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ಡೀನ್ ಆಗಿದ್ದ ಬ್ರಿಗೇಡಿಯರ್ ಜನರಲ್ ಪ್ಯಾಟ್ರಿಕ್ ಫಿನ್ನೆಗನ್. 2006ರ ನವೆಂಬರ್‌ನಲ್ಲಿ ಅವರು ಅನುಭವಿ ವಿಚಾರಣಾಧಿಕಾರಿಗಳನ್ನು ಜೊತೆಗೆ ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋಗಿ, '24'ರ ನಿರ್ಮಾಪಕರನ್ನು ಭೇಟಿಯಾದರು. ಈ ಧಾರಾವಾಹಿ ನೋಡಿದ ತಮ್ಮ ವಿದ್ಯಾರ್ಥಿಗಳಿಗೆ ಚಿತ್ರಹಿಂಸೆ ಏಕೆ ತಪ್ಪೆಂದು ಮನಗಾಣಿಸುವುದೇ ಕಷ್ಟವಾಗಿದೆ ಎಂದು ದೂರಿದರು. ಚಿತ್ರಹಿಂಸೆ ವಿಫಲವಾಗುವ, ತಿರುಗುಬಾಣವಾಗುವ ಒಂದು ಕಥೆಯನ್ನಾದರೂ ತೋರಿಸಿ ಎಂದು ಬೇಡಿಕೊಂಡರು. ಪತ್ರಕರ್ತೆ ಜೇನ್ ಮೇಯರ್ ಈ ಭೇಟಿಯ ವಿವರವನ್ನು 2007ರಲ್ಲಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ದಾಖಲಿಸಿದ್ದಾರೆ. ಅದೇ ವರ್ಷ ಕೆನಡಾದ ಒಟ್ಟಾವಾದಲ್ಲಿ ನಡೆದ ನ್ಯಾಯಶಾಸ್ತ್ರ ಸಮ್ಮೇಳನದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಜ್ಯಾಕ್ ಬಾವರ್‌ನ ಹೆಸರೆತ್ತಿದರು. ಲಾಸ್ ಏಂಜಲೀಸ್ ನಗರವನ್ನು ಉಳಿಸಿದವನನ್ನು ಯಾವ ನ್ಯಾಯಮಂಡಳಿ ಅಪರಾಧಿಯೆಂದು ಘೋಷಿಸೀತು ಎಂದು ಕೇಳಿದರು. ಉಳಿದ ನಗರವೂ ಕಾಲ್ಪನಿಕ, ಉಳಿಸಿದವನೂ ಕಾಲ್ಪನಿಕ. ಪ್ರಶ್ನೆ ಕೇಳಿದ ನ್ಯಾಯಮೂರ್ತಿ ಮಾತ್ರ ನಿಜ. ಅವರು ನಿಷ್ಠಾವಂತ ಕಥೋಲಿಕರೂ ಆಗಿದ್ದರೆಂಬುದನ್ನು ವಿಷಾದದಿಂದಲೇ ಸೇರಿಸಬೇಕಾಗಿದೆ.

ಧಾರಾವಾಹಿಯಲ್ಲಿ ನೋವು ತಿಂದವನು ಸತ್ಯವನ್ನೇ ನುಡಿಯುತ್ತಾನೆ. ವಾಸ್ತವದಲ್ಲಿ? ಇಬ್ನ್ ಅಲ್-ಶೇಖ್ ಅಲ್-ಲಿಬಿ ಎಂಬ ಬಂಧಿಯನ್ನು ಅಮೆರಿಕ ಈಜಿಪ್ಟಿಗೆ ಕಳುಹಿಸಿತು. ಅಲ್ಲಿ ಹಿಂಸೆ ತಾಳಲಾರದೆ ಅವನು, ಇರಾಕ್ ದೇಶವು ಅಲ್-ಖೈದಾದವರಿಗೆ ರಾಸಾಯನಿಕ ಅಸ್ತ್ರಗಳ ತರಬೇತಿ ಕೊಟ್ಟಿದೆಯೆಂದು ಹೇಳಿದ. 2003ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ಮುಂದೆ ಯುದ್ಧದ ಪರವಾಗಿ ಮಾತನಾಡಿದ ವಿದೇಶಾಂಗ ಸಚಿವ ಕಾಲಿನ್ ಪವೆಲ್ ಈ ಹೇಳಿಕೆಯನ್ನು ಆಧಾರವಾಗಿ ಬಳಸಿಕೊಂಡರು. ಮರುವರ್ಷ ಅವನು ಅದನ್ನು ಹಿಂತೆಗೆದುಕೊಂಡ. ಅಷ್ಟರಲ್ಲಿ ಇರಾಕ್ ಹೊತ್ತಿ ಉರಿಯುತ್ತಿತ್ತು. ಸಿಐಎ ನಡೆಸಿದ ವಿಚಾರಣೆಗಳ ಕುರಿತ ಅಮೆರಿಕದ ಸೆನೆಟ್ ಸಮಿತಿಯ ವರದಿಯ ಸಾರಾಂಶ 2014ರ ಡಿಸೆಂಬರ್‌ನಲ್ಲಿ ಹೊರಬಂತು. ಈ ಕ್ರೂರ ವಿಧಾನಗಳು ಮಾಹಿತಿ ಪಡೆಯಲು ಪರಿಣಾಮಕಾರಿಯಾಗಿರಲಿಲ್ಲವೆಂದೂ, ಬಂಧಿಸಲ್ಪಟ್ಟ 119 ಮಂದಿಯಲ್ಲಿ ಕನಿಷ್ಠ 26 ಮಂದಿಯನ್ನು ತಪ್ಪಾಗಿ ಹಿಡಿದಿಡಲಾಗಿತ್ತೆಂದೂ ಅದು ಹೇಳಿತು. ಆದರೆ ಮಾಹಿತಿ ದೊರೆಯುವುದೋ ಇಲ್ಲವೋ ಎಂಬ ಲೆಕ್ಕಾಚಾರದ ಮೇಲೆ ಮಾತ್ರ ನಾವು ನಿಲ್ಲಬಾರದು. ನಾಳೆ ಯಾರಾದರೂ ತಪ್ಪದೆ ಫಲಿಸುವ ಚಿತ್ರಹಿಂಸೆಯೊಂದನ್ನು ಕಂಡುಹಿಡಿದರೆ ಅದು ಧರ್ಮವಾದೀತೇ?

ಒಬ್ಬನನ್ನು ಬಲಿಕೊಟ್ಟು ಜನಾಂಗವನ್ನು ಉಳಿಸುವ ಲೆಕ್ಕ ನಮಗೆ ಹೊಸದೇನಲ್ಲ. ಸಂತ ಯೊವಾನ್ನರ ಶುಭಸಂದೇಶದ ಹನ್ನೊಂದನೆಯ ಅಧ್ಯಾಯದಲ್ಲಿ ಆ ಲೆಕ್ಕವನ್ನು ಮಂಡಿಸುವವನು ಪ್ರಧಾನ ಯಾಜಕ ಕಾಯಫ. ಅವನಿಗೂ ಸಮಯವಿರಲಿಲ್ಲ, ರೋಮನರು ಬಂದು ದೇವಾಲಯವನ್ನೂ ಜನಾಂಗವನ್ನೂ ನಾಶಮಾಡುವ ಭೀತಿ ಅವನ ಸಭೆಯನ್ನು ಆವರಿಸಿತ್ತು. ರಾಜ್ಯಾಡಳಿತದ ದೃಷ್ಟಿಯಿಂದ ನೋಡಿದರೆ ಅವನ ಮಾತು ಮೂರ್ಖನದಲ್ಲ, ಅನುಭವಿಯದು. ಆ ಲೆಕ್ಕದ ಅಡಿಯಲ್ಲಿ ಸಿಕ್ಕವರು ನಮ್ಮ ಪ್ರಭು. ಪಿಲಾತನ ಸೈನಿಕರು ಅವರನ್ನು ಕಂಬಕ್ಕೆ ಕಟ್ಟಿ ಕೊರಡೆಗಳಿಂದ ಹೊಡೆದುದನ್ನು ನಾವು ಪ್ರತಿ ತಪಸ್ಸುಕಾಲದಲ್ಲೂ ಧ್ಯಾನಿಸುತ್ತೇವೆ. ಜಪಸರದ ದುಃಖದ ರಹಸ್ಯಗಳಲ್ಲಿ ಎರಡನೆಯದೇ ಅದು. ಆ ಮಣಿಗಳನ್ನು ಎಣಿಸಿದ ಸಂಜೆಯೇ ಟಿವಿಯ ಮುಂದೆ ಕುಳಿತು ಕೊರಡೆ ಹಿಡಿದವನ ಪಕ್ಷ ವಹಿಸುವುದು ನಮ್ಮ ಮನೆಗಳಲ್ಲಿ ಹೇಗೆ ಸಾಧ್ಯವಾಯಿತು?

ಧರ್ಮಸಭೆಯ ಬೋಧನೆಯಲ್ಲಿ ಇಲ್ಲಿ ಸಂದಿಗ್ಧವಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ 'ಗೌದಿಯುಂ ಎತ್ ಸ್ಪೆಸ್' ದಸ್ತಾವೇಜಿನಲ್ಲಿ ದೇಹ ಅಥವಾ ಮನಸ್ಸಿಗೆ ನೀಡುವ ಚಿತ್ರಹಿಂಸೆಯನ್ನು ಮಾನವ ಘನತೆಗೆ ಎಸಗುವ ಅಪಚಾರಗಳ ಸಾಲಿಗೆ ಸೇರಿಸಿತು. ಜಗದ್ಗುರು ಎರಡನೇ ಜಾನ್ ಪಾಲ್ 1993ರಲ್ಲಿ ಅದೇ ಪಟ್ಟಿಯನ್ನು ಮುಂದಿಟ್ಟು, ಇಂಥ ಕೃತ್ಯಗಳು ಯಾವ ಉದ್ದೇಶದಿಂದಲೂ ಒಳ್ಳೆಯವಾಗಲಾರವು, ಅವು ಸ್ವಭಾವತಃ ಕೆಟ್ಟವೆಂದು ಬೋಧಿಸಿದರು. ಈ ವಿಷಯದಲ್ಲಿ ಧರ್ಮಸಭೆಯ ಕೈಯೂ ಶುದ್ಧವಾಗಿರಲಿಲ್ಲ, ಅದನ್ನು ಮುಚ್ಚಿಡಬಾರದು. 866ರಲ್ಲಿ ಜಗದ್ಗುರು ಒಂದನೇ ನಿಕೋಲಸರು ಬಲ್ಗೇರಿಯದ ಅರಸನಿಗೆ ಪತ್ರ ಬರೆದು, ಹೊಡೆದು ತಪ್ಪೊಪ್ಪಿಸುವುದು ದೈವನಿಯಮಕ್ಕೂ ಮಾನವನಿಯಮಕ್ಕೂ ವಿರುದ್ಧವೆಂದು ತಿಳಿಸಿದ್ದರು; ಆದರೆ 1252ರಲ್ಲಿ ಜಗದ್ಗುರು ನಾಲ್ಕನೇ ಇನೊಸೆಂಟರು ಪಾಷಂಡಿಗಳ ವಿಚಾರಣೆಯಲ್ಲಿ ಅದಕ್ಕೆ ಅನುಮತಿ ಕೊಟ್ಟರು. ಅವರ ಕಾಲದಲ್ಲೂ ಅಪಾಯ ದೊಡ್ಡದು, ಆತ್ಮಗಳು ಅಳಿಯುತ್ತಿವೆ, ಸಮಯವಿಲ್ಲ ಎಂಬ ವಾದವೇ ಇತ್ತು. ಇಂದಿನ ಧರ್ಮೋಪದೇಶ ಗ್ರಂಥವು 2298ನೆಯ ಪರಿಚ್ಛೇದದಲ್ಲಿ ಆ ಗತಕಾಲವನ್ನು ನೋವಿನಿಂದ ಒಪ್ಪಿಕೊಳ್ಳುತ್ತದೆ. ಅಂದಿನ ಜಗದ್ಗುರು ಫ್ರಾನ್ಸಿಸರು ಚಿತ್ರಹಿಂಸೆ ನೀಡುವುದು ಮಾರಕ ಪಾಪವೆಂದು ಸಂತ ಪೇತ್ರರ ಚೌಕದಲ್ಲಿ ಸಾರಿದ್ದು 2014ರ ಜೂನ್ 22ರಂದು. ನಮ್ಮ ಮಿತ್ರರು ಮೆಚ್ಚಿದ ಅಂತಿಮ ಕಂತು ಪ್ರಸಾರವಾದದ್ದು ಅದಾಗಿ ಮೂರು ವಾರಗಳಿಗೆ.

ಇನ್ನು 'ಕ್ರಿಸ್ತಸದೃಶ' ಎಂಬ ಮಾತಿಗೆ ಬರೋಣ. ತನ್ನವರಿಗಾಗಿ ತನ್ನನ್ನು ಒಪ್ಪಿಸಿಕೊಳ್ಳುವುದು ಮಹತ್ತಾದ ಕಾರ್ಯ. ಜ್ಯಾಕ್ ಶಾಂತನಾಗಿ ರಷ್ಯನ್ನರ ಹೆಲಿಕಾಪ್ಟರಿನತ್ತ ನಡೆದುಹೋಗುವಾಗ ಕಣ್ಣು ತೇವವಾದರೆ ನಾನು ತಪ್ಪೆನ್ನಲಾರೆ. ಆದರೆ ತೋಟದಲ್ಲಿ ಯೇಸು ಬಂಧಿತರಾದ ರಾತ್ರಿ ಏನಾಯಿತು? ನನ್ನನ್ನು ಹುಡುಕುತ್ತಿದ್ದರೆ ಇವರನ್ನು ಹೋಗಬಿಡಿರೆಂದು ಅವರು ಶಿಷ್ಯರ ಪರವಾಗಿ ನಿಂತರು. ಆ ಕ್ಷಣದಲ್ಲೇ ಪೇತ್ರ ಖಡ್ಗ ಹಿರಿದು ಮಾಲ್ಕನ ಕಿವಿ ಕತ್ತರಿಸಿದ. ಯೇಸು ಆ ಖಡ್ಗವನ್ನು ಒರೆಗೆ ಸೇರಿಸಲು ಆಜ್ಞಾಪಿಸಿದರು. ಸಂತ ಲೂಕರ ಪ್ರಕಾರ, ತಮ್ಮನ್ನು ಹಿಡಿಯಲು ಬಂದವನ ಕಿವಿಯನ್ನು ಮುಟ್ಟಿ ವಾಸಿಮಾಡಿದರು. ಶುಭಸಂದೇಶದಲ್ಲಿ ಸ್ವಾರ್ಪಣೆ ಮತ್ತು ಖಡ್ಗ ಎದುರುಬದುರಾಗಿ ನಿಂತಿವೆ. ಒಂದನ್ನು ಹಿಡಿದವರು ಇನ್ನೊಂದನ್ನು ಕೆಳಗಿಡಲೇಬೇಕು. ಧಾರಾವಾಹಿಯಲ್ಲಿ ಮೊದಲು ತಲೆ ಉರುಳುತ್ತದೆ, ಹನ್ನೆರಡು ಗಂಟೆಗಳ ಬಳಿಕ ಅದೇ ಕೈಗಳು ಸ್ನೇಹಕ್ಕಾಗಿ ಚಾಚಿಕೊಳ್ಳುತ್ತವೆ. ಆ ತ್ಯಾಗದ ಬೆಳಕು ಹಿಂದಿನ ಕೊಲೆಯ ಮೇಲೂ ಬಿದ್ದು ಅದು ಪವಿತ್ರವೆಂಬಂತೆ ತೋರುತ್ತದೆ. ನಾಯಕನು ಕೇವಲ ಕ್ರೂರಿಯಾಗಿದ್ದಿದ್ದರೆ ನಮ್ಮ ಮಿತ್ರರು ಅಂಥ ಪತ್ರ ಬರೆಯುತ್ತಿರಲಿಲ್ಲ. ನಾನು ಹೆದರುವುದು ಈ ಬೆರಕೆಗೆ.

ಆ ಕಂತಿನ ಪ್ರಸಾರವಾದ ಐದು ವಾರಗಳ ನಂತರ, 2014ರ ಆಗಸ್ಟ್ 19ರಂದು, ಇನ್ನೊಂದು ದೃಶ್ಯ ಲೋಕದ ಪರದೆಗಳ ಮೇಲೆ ಬಂತು. ಸಿರಿಯಾದಲ್ಲಿ ಐಸಿಸ್ ಉಗ್ರರು ಅಮೆರಿಕದ ಪತ್ರಕರ್ತ ಜೇಮ್ಸ್ ಫೋಲಿಯನ್ನು ಮಂಡಿಯೂರಿಸಿ ಶಿರಚ್ಛೇದ ಮಾಡಿದರು. ಅವನಿಗೆ ತೊಡಿಸಿದ್ದು ಗ್ವಾಂಟನಾಮೊ ಸೆರೆಯಾಳುಗಳದನ್ನು ಹೋಲುವ ಕಿತ್ತಳೆ ಬಣ್ಣದ ಉಡುಪು; ಸಾಯಿಸುವ ಮೊದಲು ಸೆರೆಯಲ್ಲಿ ಅವನಿಗೆ ನೀರಿನ ಚಿತ್ರಹಿಂಸೆಯನ್ನೂ ಕೊಟ್ಟಿದ್ದರೆಂದು 'ವಾಷಿಂಗ್ಟನ್ ಪೋಸ್ಟ್' ವರದಿ ಮಾಡಿತು. ಕಥೋಲಿಕ ಕುಟುಂಬದಲ್ಲಿ ಬೆಳೆದು ಯೇಸುಸಭೆಯವರ ಮಾರ್ಕೆಟ್ ವಿಶ್ವವಿದ್ಯಾಲಯದಲ್ಲಿ ಓದಿದ ಅವನು, 2011ರಲ್ಲಿ ಲಿಬಿಯಾದಲ್ಲಿ ಬಂಧಿಯಾಗಿದ್ದಾಗ ಜಪಸರವಿಲ್ಲದೆ ಬೆರಳ ಗೆಣ್ಣುಗಳ ಮೇಲೆ ಎಣಿಸಿಕೊಂಡು ಜಪ ಮಾಡಿದ್ದನ್ನು ತಾನೇ ಬರೆದಿದ್ದ. ಧಾರಾವಾಹಿಗೂ ಆ ಕೊಲೆಗೂ ಕಾರ್ಯಕಾರಣ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಜುಲೈ ತಿಂಗಳಲ್ಲಿ ನಮಗೆ ಖುಷಿ ಕೊಟ್ಟ ಭಂಗಿಯನ್ನೇ ಆಗಸ್ಟ್‌ನಲ್ಲಿ ಕಂಡು ನಾವು ಬೆಚ್ಚಿದೆವು, ಅಷ್ಟೇ. ಆ ಉಗ್ರರೂ ತಮ್ಮದು ನ್ಯಾಯವಾದ ಪ್ರತೀಕಾರವೆಂದೇ ಕ್ಯಾಮೆರಾದ ಮುಂದೆ ಹೇಳಿಕೊಂಡಿದ್ದರು.

ಇದು ಅಮೆರಿಕದವರ ರೋಗ, ನಮಗೇಕೆ ಎನ್ನುವಂತಿಲ್ಲ. ಇದೇ ಧಾರಾವಾಹಿ ಅನಿಲ್ ಕಪೂರ್ ಅವರ ನಾಯಕತ್ವದಲ್ಲಿ 2013ರಲ್ಲಿ ಹಿಂದಿಯಲ್ಲೂ ಬಂತು. 2019ರ ಡಿಸೆಂಬರ್ 6ರಂದು ನೆರೆಯ ತೆಲಂಗಾಣದಲ್ಲಿ, ಪಶುವೈದ್ಯೆಯೊಬ್ಬರ ಮೇಲಿನ ಅತ್ಯಾಚಾರ ಮತ್ತು ಕೊಲೆಯ ಆರೋಪ ಹೊತ್ತಿದ್ದ ನಾಲ್ವರು ಪೊಲೀಸರ ಗುಂಡಿಗೆ ಬಲಿಯಾದಾಗ ಜನ ಪೊಲೀಸರ ಮೇಲೆ ಹೂವಿನ ಎಸಳುಗಳನ್ನು ಎರಚಿದರು, ಸಿಹಿ ಹಂಚಿದರು. ಆ ಹೆಣ್ಣುಮಗಳಿಗಾದ ಘೋರ ಅನ್ಯಾಯಕ್ಕೆ ನ್ಯಾಯ ಸಿಗಲೇಬೇಕಿತ್ತು. ಆದರೆ ಸಿಕ್ಕದ್ದು ನ್ಯಾಯವೇ? ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗವು 2022ರಲ್ಲಿ, ಅವರನ್ನು ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು, ನಾಲ್ವರಲ್ಲಿ ಮೂವರು ಅಪ್ರಾಪ್ತರು ಎಂಬ ನಿರ್ಣಯಕ್ಕೆ ಬಂತು. ಎಸಳು ಎರಚಿದ ಕೈಗಳು ಆ ವರದಿಯ ಪುಟಗಳನ್ನು ತಿರುವಿದ ಸುದ್ದಿಯಂತೂ ನನಗೆ ಬಂದಿಲ್ಲ.

2020ರ ಜೂನ್ ತಿಂಗಳಲ್ಲಿ ತಮಿಳುನಾಡಿನ ಸಾತಾಂಕುಲಂನಲ್ಲಿ ಪೊಲೀಸರು ಒಬ್ಬ ತಂದೆಯನ್ನೂ ಮಗನನ್ನೂ ಠಾಣೆಗೆ ಒಯ್ದರು. ಲಾಕ್‌ಡೌನ್ ಸಮಯ ಮೀರಿ ಅಂಗಡಿ ತೆರೆದಿದ್ದರೆಂಬುದು ಅವರ ಮೇಲಿದ್ದ ಆರೋಪ. ಹೊಡೆತಗಳಿಂದ ಜರ್ಜರಿತರಾದ ಆ ಇಬ್ಬರೂ ಕೆಲವೇ ದಿನಗಳಲ್ಲಿ, ಗಂಟೆಗಳ ಅಂತರದಲ್ಲಿ ತೀರಿಕೊಂಡರು. ಅವರು ನಮ್ಮಂತೆಯೇ ಕ್ರೈಸ್ತರು. ಅವರ ಬಳಿ ಬಾಂಬಿರಲಿಲ್ಲ, ರಹಸ್ಯವಿರಲಿಲ್ಲ. ಇದ್ದದ್ದು ಒಂದು ಮೊಬೈಲ್ ಅಂಗಡಿ. ಜ್ಯಾಕ್ ಬಾವರ್‌ಗಳನ್ನು ಬಯಸುವ ಸಮಾಜಕ್ಕೆ ಅವರು ದೊರೆಯುತ್ತಾರೆ. ಆದರೆ ಅವರ ಲಾಠಿ ಯಾರ ಬೆನ್ನನ್ನು ಆರಿಸಿಕೊಳ್ಳುತ್ತದೆಂದು ಬರೆದುಕೊಡಲು ಅಲ್ಲಿ ಕಥೆಗಾರನಿರುವುದಿಲ್ಲ.

ಬಂಧನದಲ್ಲಿರುವವರ ರಕ್ಷಣೆಗೆ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿಯಮಗಳನ್ನು ವಿಧಿಸಿದ್ದು 1996ರಲ್ಲಿ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತಾದರೂ ಇಂದಿಗೂ ಅದನ್ನು ಅನುಮೋದಿಸಿಲ್ಲ. ಸ್ಮಶಾನದ ಜಾಗ, ಶಾಲೆಯ ಅನುದಾನ, ರಸ್ತೆ ರಿಪೇರಿ ಎಂದು ಮತ ಕೇಳಲು ಬಂದವರ ಮುಂದೆ ನಮ್ಮ ಧರ್ಮಕೇಂದ್ರಗಳು ಎಷ್ಟೋ ಮನವಿಗಳನ್ನು ಇಟ್ಟಿವೆ, ಇಡಬೇಕಾದದ್ದೇ. ಈ ಒಪ್ಪಂದವನ್ನು ಏಕೆ ಅನುಮೋದಿಸಿಲ್ಲವೆಂದು ಯಾರಾದರೂ ಯಾವ ಅಭ್ಯರ್ಥಿಯನ್ನಾದರೂ ಕೇಳಿದ್ದನ್ನು ನಾನು ಇದುವರೆಗೆ ಕಂಡಿಲ್ಲ.